ಟರ್ಬೊ ಪೈಪು ಬೆಸೆಯುವ ಮುನ್ನ

ಕಿಬ್ಬನಹಳ್ಳಿ ಸುತ್ತಿನ ತೋಟಗಳಲ್ಲಿ ಹಳೆಯ ಬೋರ್‌ವೆಲ್ ಪೈಪಿನ ತುಂಡುಗಳಿಗೆ ಬರವಿಲ್ಲ. ಕಾರಿಗೆ ಟರ್ಬೊ ಕೂರಿಸುವ ಹುಮ್ಮಸ್ಸಿನ ತಮ್ಮಂದಿರೇ, ಮ್ಯಾನಿಫೋಲ್ಡಿಗೆ ಆ ಜಿಐ ಪೈಪು ಮಾತ್ರ ಬೇಡ. ಅದರ ಸತುವಿನ ಲೇಪ ಬೆಸುಗೆಯ ಕಾವಿಗೆ ಹೊಗೆಯಾಗುತ್ತದೆ. ಆ ಹೊಗೆ ಕುಡಿದವನಿಗೆ ರಾತ್ರಿ ಚಳಿಜ್ವರ. ದಪ್ಪ ಗೋಡೆಯ ಸ್ಟೀಮ್ ಪೈಪೋ 304 ಸ್ಟೇನ್‌ಲೆಸ್ಸೋ ತನ್ನಿ.

ಕಾದ ಲೋಹ ಹಿಗ್ಗುತ್ತದೆ. ಗಾಡಿಚಕ್ರಕ್ಕೆ ಹಳಿ ಕಟ್ಟುತ್ತಿದ್ದ ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲರು. ಸ್ಟೇನ್‌ಲೆಸ್ ಪೈಪು 800 ಡಿಗ್ರಿಗೆ ಕಾದರೆ ಒಂದಡಿಗೆ 4 ಮಿಲಿಮೀಟರಿಗೂ ಹೆಚ್ಚು ಬೆಳೆಯುತ್ತದೆ. ಎರಡೂ ತುದಿ ಬಿಗಿದಿದ್ದರೆ ಬೆಸುಗೆ ಸೀಳುವುದು ಖಂಡಿತ. ಹಿಗ್ಗಲು ಎಡೆ ಕೊಡಿ. ಬಾಗು ಇಡಿ, ಜಾರುವ ಜೋಡಣೆ ಮಾಡಿ. ಟರ್ಬೊದ ಭಾರವನ್ನು ಪೈಪಿನ ಮೇಲೆ ಹೇರದೆ ಬೇರೆ ಬ್ರಾಕೆಟ್ಟಿಗೆ ಹೊರಿಸಿ. ಫ್ಲ್ಯಾಂಜನ್ನು ದಪ್ಪ ಪ್ಲೇಟಿಗೆ ಬೋಲ್ಟು ಹಾಕಿ ಬಿಗಿದೇ ಬೆಸೆಯಿರಿ, ಪೂರಾ ಆರುವವರೆಗೆ ಬಿಚ್ಚಬೇಡಿ. ಅವಸರಪಟ್ಟರೆ ಅದು ಸೊಟ್ಟಗಾಗುತ್ತದೆ.

ನಮ್ಮೂರಿನ ಇನ್ನೊಂದು ಅಪಾಯ ತೆಂಗಿನ ನಾರು. ಬಾನೆಟ್ಟಿನೊಳಗೆ ಸೇರಿದ ನಾರಿನ ಧೂಳಿಗೆ ಕೆಂಪಗೆ ಕಾದ ಮ್ಯಾನಿಫೋಲ್ಡ್ ತಾಗಿದರೆ ಬೆಂಕಿಯೇ. ಶಾಖತಡೆ ತಗಡು ಹಾಕಿ, ವಾರಕ್ಕೊಮ್ಮೆ ಗಾಳಿ ಹೊಡೆದು ಸ್ವಚ್ಛ ಮಾಡಿ.

ರಸ್ತೆಗಿಳಿಸುವ ಗಾಡಿಯಾದರೆ ವಾಹನದ ಮಾರ್ಪಾಡಿಗೆ ಕಡಿವಾಣ ಹಾಕುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕೆಲಸಕ್ಕೆ ಕೈಹಾಕುವ ಮೊದಲೇ ತಿಪಟೂರಿನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.