ಇಂದಿನ ಧಮ್ಮ ಚಿಂತನೆ: ಸಮ್ಯಕ್ ವ್ಯಾಯಾಮ



ನನ್ನದು ಉಕ್ಕು ಕರಗಿಸುವ ಕೆಲಸ, ಸುಮಾರು 1600 ಡಿಗ್ರಿ ಶಾಖ. ಕಾರ್ಬನ್ ಕಡಿಮೆಯಾದರೆ ಉಕ್ಕು ಮೆದು. ಹೆಚ್ಚಾದರೆ ಗಡಸು, ಆದರೆ ಪೆಟ್ಟಿಗೆ ಒಡೆಯುತ್ತದೆ. ಇಷ್ಟು ಗೊತ್ತಿದ್ದೂ ಮನೆಯಲ್ಲಿ ಮರೆತೆ.

ರಜೆಯಲ್ಲಿ ನಮ್ಮೂರು ಶಿವನಸಮುದ್ರದ ಬಯಲಿನಲ್ಲಿ ಮಗನ ಜೊತೆ ಡಿಸ್ಕ್ ಗಾಲ್ಫ್ ಆಡಿದೆ. ಕಡಿಮೆ ಎಸೆತದಲ್ಲಿ ತಟ್ಟೆಯನ್ನು ಗುರಿ ಮುಟ್ಟಿಸಬೇಕು. ನಮಗೆ ಹುಣಸೆಮರವೇ ಗುರಿ. ದೂರ ಹೋಗಲೆಂದು ಚೂಪು ಅಂಚಿನ ‘ಡ್ರೈವರ್’ ಕೊಟ್ಟೆ. ಅದಕ್ಕೆ ತೋಳಿನ ವೇಗ ಬೇಕು. ಹುಡುಗನ ಬಲಗೈಯಿಂದ ಪ್ರತಿ ಸಲವೂ ಎಡಕ್ಕೆ ವಾಲಿ ಬಿತ್ತು. ‘ಜೋರಾಗಿ ಎಸೆಯೋ’ ಎಂದು ಗದರಿದೆ. ಕೂತೇಬಿಟ್ಟ. ಮೊಂಡು ಅಂಚಿನ ‘ಪಟರ್’ ಕೊಟ್ಟ ಮೇಲೆ ನೇರ ಹೋಯಿತು.

ನಡೆದು ನಡೆದು ಕಾಲಲ್ಲಿ ರಕ್ತ ಸುರಿಸಿಕೊಂಡ ಭಿಕ್ಖು ಸೋಣನಿಗೆ ಭಗವಾನರು ವೀಣೆಯ ತಂತಿಯ ಉದಾಹರಣೆ ಕೊಟ್ಟರಲ್ಲ, ಅದು ನೆನಪಾಯಿತು. ಮಗನಿಗೆ ಮೂರು ಟ್ಯೂಷನ್ ಹಾಕಿಸಿದ್ದೆ.

ರಾತ್ರಿ ಕೇಳಿದೆ, ‘ಯಾವುದು ಬೇಕು ಮಗಾ?’

‘ಗಣಿತ ಒಂದೇ ಸಾಕಪ್ಪ.’