ಹಗುರವೂ ಬಾಳಿಕೆಯೂ

1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೊಂದನ್ನು ಸ್ಥಾಪಿಸಿದರು. ಅಲ್ಲಿ ತಯಾರಾದ ಹೆಂಚುಗಳು ಒಂದರೊಡನೊಂದು ಹೊಂದಿಕೊಂಡು ಮಾಡನ್ನು ಮುಚ್ಚುತ್ತಿದ್ದವು. ಒಂದು ಹೆಂಚು ಒಡೆದರೆ ಮಾಡನ್ನೆಲ್ಲ ಕಳಚಬೇಕಾಗಿರಲಿಲ್ಲ. ಅದೊಂದನ್ನೇ ತೆಗೆದು ಬೇರೊಂದನ್ನು ಹೊದಿಸಿದರೆ ಸಾಕಾಗುತ್ತಿತ್ತು. ಆ ಮಾಡುಗಳ ದೀರ್ಘಾಯುಷ್ಯಕ್ಕೆ ಹೆಂಚಿನ ಗಟ್ಟಿತನದಷ್ಟೇ ಈ ಸೌಲಭ್ಯವೂ ಕಾರಣವಾಯಿತು.

ಇಂದು ಅದೇ ನಗರದ ವಿದ್ಯಾರ್ಥಿಗಳು ಚೀಲದಲ್ಲಿ ಒಯ್ಯುವ ಹಗುರ ಲ್ಯಾಪ್‌ಟಾಪನ್ನೂ ಇದೇ ಅಳತೆಗೋಲಿನಿಂದ ಅಳೆಯಬಹುದು. ಹಗುರವೆಂದ ಮಾತ್ರಕ್ಕೆ ಯಂತ್ರವು ದುರ್ಬಲವೆಂದು ತಿಳಿಯಬಾರದು. ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಮಿಶ್ರಲೋಹದ ಕವಚವು ತೆಳುವಾಗಿದ್ದರೂ ದೃಢವಾಗಿರಬಲ್ಲದು. ಪರದೆಯನ್ನು ತೆರೆದು ಮುಚ್ಚಿದಾಗ ಕೀಲು ಅಲುಗಾಡುವುದೇ, ಕೀಲಿಮಣೆಯನ್ನು ಒತ್ತಿದಾಗ ಕವಚ ಬಾಗುವುದೇ ಎಂಬುದನ್ನು ಕೊಳ್ಳುವ ಮುನ್ನವೇ ಪರೀಕ್ಷಿಸಬೇಕು. ಕರಾವಳಿಯ ತೇವವೂ ಉಪ್ಪುಗಾಳಿಯೂ ಒಳಗಿನ ಲೋಹದ ಸಂಪರ್ಕಗಳನ್ನು ಕ್ರಮೇಣ ಸವೆಸುತ್ತವೆ. ಆದುದರಿಂದ ಮಳೆಗಾಲದಲ್ಲಿ ಯಂತ್ರವನ್ನು ಒಣಗಿದ ಸ್ಥಳದಲ್ಲಿಡುವುದು ಅವಶ್ಯಕ.

ಆದರೆ ಗಟ್ಟಿತನವೊಂದೇ ಬಾಳಿಕೆಯಲ್ಲ. 2008ರಲ್ಲಿ ಬಂದ ಮ್ಯಾಕ್‌ಬುಕ್ ಏರ್ ಸುಮಾರು 1.36 ಕಿಲೋಗ್ರಾಂ ತೂಗುತ್ತಿತ್ತು. ಅದರ ರ‍್ಯಾಮ್, ಅಂದರೆ ಕೆಲಸದ ವೇಳೆಯ ಸ್ಮೃತಿ, ಮುಖ್ಯ ಫಲಕಕ್ಕೆ ಬೆಸೆಯಲ್ಪಟ್ಟಿತ್ತು. ಬಳಿಕ ಅನೇಕ ತಯಾರಕರು ಇದೇ ಮಾರ್ಗವನ್ನು ಹಿಡಿದರು. ಇದರಿಂದ ಜಾಗವೂ ಭಾರವೂ ಉಳಿಯುತ್ತವೆ. ಆದರೆ ಅಗತ್ಯ ಹೆಚ್ಚಿದಾಗ ಸ್ಮೃತಿಯನ್ನು ಹೆಚ್ಚಿಸಲಾಗದು. ಉಳಿದೆಲ್ಲ ಭಾಗಗಳು ಸುಸ್ಥಿತಿಯಲ್ಲಿದ್ದರೂ ಹೊಸ ಯಂತ್ರವನ್ನೇ ಕೊಳ್ಳಬೇಕಾಗುತ್ತದೆ. ಮಗಳ ಓದಿಗೆಂದು ವರ್ಷಗಟ್ಟಲೆ ಹಣ ಕೂಡಿಸಿದ ಕುಟುಂಬಕ್ಕೆ ಇದು ಸಣ್ಣ ಹೊರೆಯಲ್ಲ.

ಆದಕಾರಣ ಕೊಳ್ಳುವವರು ಮೂರು ಸಂಗತಿಗಳನ್ನು ವಿಚಾರಿಸಬೇಕು. ಮೊದಲನೆಯದು, ರ‍್ಯಾಮ್ ಬದಲಿಸಬಹುದಾದುದೇ ಎಂಬುದು. ಬೆಸೆದದ್ದಾದರೆ ಮುಂದಿನ ಅಗತ್ಯವನ್ನೂ ಎಣಿಸಿ ಆರಂಭದಲ್ಲಿಯೇ ಹೆಚ್ಚಿನದನ್ನು ಆರಿಸುವುದು ಲೇಸು. ಎರಡನೆಯದು, ಮಾಹಿತಿಯನ್ನು ಸಂಗ್ರಹಿಸುವ ಎಸ್‌ಎಸ್‌ಡಿಯನ್ನು ಕಳಚಿ ದೊಡ್ಡದನ್ನು ಜೋಡಿಸಲು ಸಾಧ್ಯವೇ ಎಂಬುದು. ಮೂರನೆಯದು, ಬ್ಯಾಟರಿಯನ್ನು ತಿರುಪುಗಳಿಂದ ಕೂಡಿಸಲಾಗಿದೆಯೇ, ಅಂಟಿನಿಂದಲೇ ಎಂಬುದು. ಲಿಥಿಯಂ ಅಯಾನ್ ಬ್ಯಾಟರಿಯ ಸಾಮರ್ಥ್ಯವು ಬಳಸಿದಂತೆಲ್ಲ ಕುಗ್ಗುವುದರಿಂದ ಅದನ್ನು ಎಂದಾದರೊಂದು ದಿನ ಬದಲಿಸಲೇಬೇಕು.

ಕೈಗೆ ಹಗುರವಾದ ಯಂತ್ರವು ಮುಂದೆ ಮನೆಗೆ ಭಾರವಾಗಬಾರದು. ಒಡೆದ ಹೆಂಚೊಂದಕ್ಕಾಗಿ ಮಾಡನ್ನೇ ಕೆಡಹುವವರುಂಟೆ?