ಕೈಗಡಿಯಾರವೂ ಹಿಮ್ಮಡಿಯೂ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಆರು ಗಂಟೆಗೆ ಹೋಗಿ ನಿಂತರೆ ಊರಿನ ಅರ್ಧ ಜನರನ್ನು ಅಲ್ಲಿಯೇ ಕಾಣಬಹುದು. ನಡೆಯುವವರು, ಓಡುವವರು, ನಡೆಯುವುದಕ್ಕಿಂತ ಹೆಚ್ಚಾಗಿ ಮಾತನಾಡುವವರು, ಹೆಜ್ಜಾರ್ಲೆಗಳನ್ನು ನೋಡುತ್ತ ಬಂದ ಕೆಲಸವನ್ನೇ ಮರೆಯುವವರು. ಕುವೆಂಪು ಅವರು ತಿರುಗಾಡುತ್ತಿದ್ದ ಜಾಗವಿದು. ನಿವೃತ್ತನಾದ ಮೇಲೆ ನಾನೂ ಅಲ್ಲಿ ನಡೆಯತೊಡಗಿದೆ. ಆ ನಡಿಗೆ ಯಾವಾಗ ಓಟವಾಯಿತೆಂಬುದು ನನಗೇ ತಿಳಿಯಲಿಲ್ಲ. ಎರಡು ವರ್ಷಗಳಲ್ಲಿ ಹತ್ತು ಕಿಲೋಮೀಟರ್ ಓಡುವುದು ಸುಲಭವೆನಿಸಿತು. ಆಸೆಗೆ ಮಿತಿಯುಂಟೆ? ಬೆಂಗಳೂರಿನಲ್ಲಿ ನಡೆಯಲಿದ್ದ ಒಂದು ಮ್ಯಾರಥಾನ್ ಓಟಕ್ಕೆ ಹೆಸರು ಕೊಟ್ಟುಬಿಟ್ಟೆ.

ಮ್ಯಾರಥಾನ್ ಎಂದರೆ 42 ಕಿಲೋಮೀಟರ್ 195 ಮೀಟರ್ ದೂರದ ಓಟ. ಮೈಸೂರಿನಿಂದ ಹೊರಟರೆ ಹೆಚ್ಚುಕಡಿಮೆ ಮಂಡ್ಯದ ಸಮೀಪಕ್ಕೆ ಹೋದಂತೆ. ಈ ಅಳತೆ ಮೊದಲು ಬಳಕೆಗೆ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ಎಲ್ಲ ಕಡೆಗೂ ಅದೇ ಎಂದು ನಿಶ್ಚಯವಾದದ್ದು 1921ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1920ರಲ್ಲಿ, ಆಂಟ್‌ವರ್ಪ್ ನಗರದ ಒಲಿಂಪಿಕ್ಸ್‌ನಲ್ಲಿ ಓಟಗಾರರು ಇನ್ನೂ ಹೆಚ್ಚು, ಅಂದರೆ 42.75 ಕಿಲೋಮೀಟರ್, ಓಡಬೇಕಾಯಿತು. ಅಂದು ಓಡಿದವರಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಒಬ್ಬರು. 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಅವರು ಹತ್ತೊಂಬತ್ತನೆಯವರಾದರು. ನೀವೇ ಭಾಗಿಸಿ ನೋಡಿ: ಒಂದು ಕಿಲೋಮೀಟರಿಗೆ ಸರಿಸುಮಾರು ನಾಲ್ಕೇ ನಿಮಿಷ! ಎಷ್ಟು ದೂರ ಬಂದೆ, ಎಷ್ಟು ವೇಗದಲ್ಲಿ ಬಂದೆ ಎಂದು ಆಕಾಶದಿಂದ ತಿಳಿಸುವ ಉಪಗ್ರಹಗಳು ಆಗ ಇರಲಿಲ್ಲ.

ನನ್ನ ಬಳಿಯಾದರೋ ಅವೆಲ್ಲವೂ ಇದ್ದವು. ಓಟದ ಸುದ್ದಿ ತಿಳಿದ ಮಗಳು ಒಂದು ಹೊಸ ಕೈಗಡಿಯಾರವನ್ನು ತಂದು ಕಟ್ಟಿದಳು. ನಾನು ಕೆಲಸದಲ್ಲಿದ್ದಷ್ಟು ಕಾಲವೂ ಕಟ್ಟಿದ್ದ ಎಚ್.ಎಂ.ಟಿ. ಗಡಿಯಾರ ದಿನಕ್ಕೊಮ್ಮೆ ಕೀಲಿ ಕೊಟ್ಟರೆ ಗಂಟೆ ಹೇಳಿ ಸುಮ್ಮನಾಗುತ್ತಿತ್ತು. ಇದು ಹಾಗಲ್ಲ. ಸುಮಾರು ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಿಂದ ಬರುವ ಸಂಕೇತಗಳನ್ನು ಹಿಡಿದು, ಅವು ತಲುಪಲು ತೆಗೆದುಕೊಂಡ ಕಾಲವನ್ನು ಲೆಕ್ಕಹಾಕಿ, ನಾನು ಎಲ್ಲಿದ್ದೇನೆಂಬುದನ್ನು ತಿಳಿಯುತ್ತದೆ. ಇದಕ್ಕೆ ಕಡಮೆಯೆಂದರೆ ನಾಲ್ಕು ಉಪಗ್ರಹಗಳು ಬೇಕು. ತಳಭಾಗದಿಂದ ಹಸಿರು ಬೆಳಕನ್ನು ಚರ್ಮಕ್ಕೆ ಬೀರಿ ನಾಡಿಯ ಬಡಿತವನ್ನೂ ಎಣಿಸುತ್ತದೆ. ಆದರೆ ದಟ್ಟವಾದ ಮರಗಳ ಕೆಳಗೆ ಇದಕ್ಕೂ ದಾರಿ ತಪ್ಪುವುದುಂಟು. ಒಂದು ದಿನ ನಾನು ಕೆರೆಯ ನೀರಿನ ಮೇಲೆಯೇ ಮುನ್ನೂರು ಮೀಟರ್ ಓಡಿದೆನೆಂದು ನಕ್ಷೆ ತೋರಿಸಿತು. ಅಂಥ ಸಿದ್ಧಿ ನನಗಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಮೂರನೆಯ ತಿಂಗಳಲ್ಲಿ ಬಲಗಾಲಿನ ಹಿಮ್ಮಡಿಯ ಮೇಲ್ಭಾಗದಲ್ಲಿ ನೋವು ಕಾಣಿಸಿಕೊಂಡಿತು. ತೀವ್ರವಾದ ನೋವೇನೂ ಅಲ್ಲ. ಓಟ ಆರಂಭಿಸಿದಾಗ ಇರುತ್ತಿತ್ತು, ಎರಡು ಕಿಲೋಮೀಟರ್ ಕಳೆಯುವಷ್ಟರಲ್ಲಿ ಮಾಯವಾಗುತ್ತಿತ್ತು. ಮಾಯವಾದದ್ದನ್ನು ಗುಣವಾಯಿತೆಂದು ತಿಳಿದುಕೊಂಡದ್ದು ನನ್ನ ಅವಿವೇಕ. ಗಡಿಯಾರ ವಾರದಿಂದ ವಾರಕ್ಕೆ ಏರುತ್ತಿದ್ದ ಅಂಕಿಗಳನ್ನು ತೋರಿಸಿ ಹುರಿದುಂಬಿಸುತ್ತಿತ್ತು. ನಾನು ಚಾಮುಂಡಿಬೆಟ್ಟದ ರಸ್ತೆಯನ್ನೂ ಹತ್ತತೊಡಗಿದೆ.

ಕೊನೆಗೆ ವೈದ್ಯರ ಬಳಿಗೆ ಹೋದೆ. ಅವರು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿಯೇ.

“ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಮೊದಲ ಹೆಜ್ಜೆ ಹೇಗಿರುತ್ತದೆ?” ಎಂದು ಕೇಳಿದರು.

“ಮೊನ್ನೆ ಹದಿನೆಂಟು ಕಿಲೋಮೀಟರ್ ಓಡಿದೆ, ನಾಡಿ ನೂರಮೂವತ್ತೆರಡು ದಾಟಲಿಲ್ಲ” ಎಂದೆ.

“ನಾನು ಕೇಳಿದ್ದು ಅದಲ್ಲ, ಮೇಷ್ಟ್ರೇ” ಎಂದು ನಕ್ಕರು.

ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಹುರಿಯೊಂದಿದೆ. ಗ್ರೀಕರ ವೀರ ಅಕಿಲಿಸನ ಹೆಸರಿನಿಂದ ಅದನ್ನು ಕರೆಯುತ್ತಾರೆ; ಅವನ ದೇಹದಲ್ಲಿ ಆಯುಧ ನಾಟಬಹುದಾಗಿದ್ದ ಜಾಗ ಅದೊಂದೇ. ನಮ್ಮ ಶ್ರೀಕೃಷ್ಣನಿಗೂ ಬೇಡನ ಬಾಣ ತಾಗಿದ್ದು ಪಾದಕ್ಕೇ ಅಲ್ಲವೆ? ದೇಹದ ಹುರಿಗಳಲ್ಲೆಲ್ಲ ಬಲವಾದುದಾದರೂ ಅದಕ್ಕೆ ರಕ್ತದ ಪೂರೈಕೆ ಕಡಮೆ. ಅಭ್ಯಾಸದಿಂದ ಹೃದಯವೂ ಸ್ನಾಯುಗಳೂ ಕೆಲವು ವಾರಗಳಲ್ಲಿಯೇ ಬಲಗೊಳ್ಳುತ್ತವೆ. ಈ ಹುರಿಗೆ ತಿಂಗಳುಗಳೇ ಬೇಕು. ನಾಡಿಯನ್ನು ನಂಬಿ ನಾನು ಓಡುತ್ತಿದ್ದೆ. ಹುರಿ ಬಹಳ ಹಿಂದೆ ಉಳಿದಿತ್ತು. ವೈದ್ಯರು ಪೂರ್ಣ ವಿಶ್ರಾಂತಿಯನ್ನೇನೂ ಹೇಳಲಿಲ್ಲ. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮವನ್ನು ಹನ್ನೆರಡು ವಾರ ಮಾಡಲು ತಿಳಿಸಿದರು. ಪ್ರತಿದಿನ ಬೆಳಗಿನ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಬರೆದಿಡಬೇಕೆಂದರು. ಅಂಕ ಕೊಡುವುದು ನನಗೆ ಹೊಸದಲ್ಲವಷ್ಟೆ!

ಪುಸ್ತಕದ ಎಡಕ್ಕೆ ಗಡಿಯಾರ ಹೇಳಿದ್ದನ್ನೂ ಬಲಕ್ಕೆ ಹಿಮ್ಮಡಿ ಹೇಳಿದ್ದನ್ನೂ ಬರೆಯುತ್ತ ಹೋದೆ. ಒಂದು ತಿಂಗಳಾದ ಮೇಲೆ ಸಂಗತಿ ಬಯಲಾಯಿತು. ಬೆಟ್ಟ ಹತ್ತಿದ ದಿನ ನೋವು ಎರಡೇ ಅಂಕ. ಮರುದಿನ ಬೆಳಿಗ್ಗೆ ಆರು. ಹಿಮ್ಮಡಿ ಸುಳ್ಳು ಹೇಳುತ್ತಿರಲಿಲ್ಲ, ಒಂದು ದಿನ ತಡವಾಗಿ ಹೇಳುತ್ತಿತ್ತು. ನಾನು ಅಂದಂದಿನ ಲೆಕ್ಕವನ್ನು ಅಂದೇ ಮುಗಿಸಿಬಿಡುತ್ತಿದ್ದೆ.

ಓಟಕ್ಕೆ ಮೂರು ವಾರ ಉಳಿದಿತ್ತು. ಗೆಳೆಯರೊಬ್ಬರು ಇಥಿಯೋಪಿಯದ ಅಬೇಬೆ ಬಿಕಿಲನನ್ನು ನೆನಪಿಸಿ ಧೈರ್ಯ ತುಂಬಿದರು. 1960ರಲ್ಲಿ ರೋಮ್ ನಗರದಲ್ಲಿ ಬರಿಗಾಲಿನಲ್ಲಿ ಓಡಿ ಗೆದ್ದ ಆತ, 1964ರಲ್ಲಿ ಕರುಳುಬಾಲದ ಶಸ್ತ್ರಚಿಕಿತ್ಸೆಯಾದ ಕೆಲವೇ ವಾರಗಳಲ್ಲಿ ಟೋಕಿಯೋದಲ್ಲಿ ಮತ್ತೆ ಗೆದ್ದದ್ದು ನಿಜ. ಆದರೆ ಅದೇ ಬಿಕಿಲ 1968ರಲ್ಲಿ ಮೆಕ್ಸಿಕೋದಲ್ಲಿ ಕಾಲಿನ ನೋವಿನಿಂದಾಗಿ ಸುಮಾರು ಹದಿನೇಳು ಕಿಲೋಮೀಟರ್ ಓಡಿ ನಿಂತುಬಿಟ್ಟ. ಗೆಳೆಯರು ಆ ಭಾಗವನ್ನು ಹೇಳಲಿಲ್ಲ.

ನಾನು ಬೆಂಗಳೂರಿಗೆ ಹೋಗಲಿಲ್ಲ. ಓಟದ ದಿನ ಬೆಳಿಗ್ಗೆ, ದುಃಖವಿರಲಿಲ್ಲವೆಂದು ಹೇಳಲಾರೆ, ಕುಕ್ಕರಹಳ್ಳಿಯ ಏರಿಯ ಮೇಲೆ ಒಂದು ಸುತ್ತು ನಡೆದು ಬಂದೆ. ಗುರಿ ತಲುಪಲಿಲ್ಲವೆಂದು ಗಡಿಯಾರ ಸಂಜೆ ಎಚ್ಚರಿಸಿತು. ಪುಸ್ತಕದ ಬಲಭಾಗವನ್ನು ಖಾಲಿ ಬಿಟ್ಟು ಮಲಗಿದೆ. ಮರುದಿನ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟ ಮೇಲೆ ಅಲ್ಲಿ ‘ಒಂದು’ ಎಂದು ಬರೆದೆ.